ಕ್ಯೋಟೋದ ಅಕ್ಕಿ ಬೂಷ್ಟು, ಚಿಕ್ಕಪ್ಪನ ಮಾತ್ರೆ

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನ ಮನೆಯ ಊಟದ ಮೇಜಿನ ಮೇಲೆ ಹೊಸದೊಂದು ಡಬ್ಬಿ ಕಂಡಿತು. ಅಣಬೆ ಪುಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಒಂದು ಚಮಚ. ಅದರ ಪಕ್ಕದಲ್ಲೇ ಕೊಲೆಸ್ಟರಾಲ್ ಮಾತ್ರೆಯ ಸ್ಟ್ರಿಪ್ ಬಿದ್ದಿತ್ತು. ಹದಿನೈದರಲ್ಲಿ ಹನ್ನೊಂದು ಮಾತ್ರೆ ಹಾಗೇ ಇದ್ದವು. ಕವರಿನ ಮೇಲೆ ಮೆಡಿಕಲ್ ಶಾಪಿನವರು ಬರೆದ ತಾರೀಖು ನೋಡಿದರೆ ಅದು ಯಾವತ್ತೋ ಮುಗಿದಿರಬೇಕಿತ್ತು.

"ಮಾತ್ರೆ ಬಿಟ್ಟಿದ್ದೀರಾ ಚಿಕ್ಕಪ್ಪ?"

"ಹೂಂ ಪುಟ್ಟಿ. ಅದು ಬರೀ ಕೆಮಿಕಲ್ಲು. ಇದಾದ್ರೆ ಅಣಬೆ, ನ್ಯಾಚುರಲ್ಲು. ಕೊಲೆಸ್ಟರಾಲ್ ಇಳಿಸೋ ಅಂಶ ಇದರಲ್ಲೇ ಇದೆಯಂತೆ. ನೀನೇ ಓದಿದ್ದಲ್ವಾ ಇದನ್ನೆಲ್ಲ?"

ಓದಿದ್ದು ಹೌದು. ಈಗ ಮಕ್ಕಳಿಗೆ ಪಾಠ ಮಾಡುತ್ತಿರುವುದೂ ಅದನ್ನೇ, ಮೈಕ್ರೋಬಯಾಲಜಿ. ಚಿಕ್ಕಪ್ಪನ ಹೃದಯದಲ್ಲಿ ಎರಡು ವರ್ಷದ ಹಿಂದೆ ಹಾಕಿಸಿದ ಸ್ಟೆಂಟ್ ಇದೆ, ಹಾಗಾಗಿ ಆ ಹನ್ನೊಂದು ಮಾತ್ರೆ ನೋಡಿ ನನಗೆ ಕೈಕಾಲು ತಣ್ಣಗಾಯಿತು. ಆ ರಾತ್ರಿ ಅವರ ಜೊತೆ ಕೂತು ತುಂಬಾ ಹೊತ್ತು ಮಾತಾಡಿದೆ. ಹೇಳಿದ್ದು ಅರ್ಧ, ಬಿಟ್ಟಿದ್ದು ಅರ್ಧ. ಆದ್ದರಿಂದ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಚಿಕ್ಕಪ್ಪನ ಮಾತಿನಲ್ಲಿ ಒಂದಂಶ ನೂರಕ್ಕೆ ನೂರು ನಿಜ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಎಂಬ ಗುಂಪಿನ ಔಷಧ ಮೊದಲು ಸಿಕ್ಕಿದ್ದು ಶಿಲೀಂಧ್ರದಲ್ಲೇ. ಅಣಬೆಯಲ್ಲಲ್ಲ, ಅಕ್ಕಿಯ ಮೇಲೆ ಬರುವ ನೀಲಿ-ಹಸಿರು ಬೂಷ್ಟಿನಲ್ಲಿ. ಅವರು ಬಿಟ್ಟ ಮಾತ್ರೆಯ ಮೂಲವೂ ಅದೇ. ಇದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಮಾತ್ರೆ ಬರೆದುಕೊಡುವ ಡಾಕ್ಟರಿಗೂ ಇದನ್ನೆಲ್ಲ ಹೇಳುತ್ತಾ ಕೂರಲು ಸಮಯ ಎಲ್ಲಿರುತ್ತೆ?

ಅಕಿರಾ ಎಂಡೋ ಅಂತ ಒಬ್ಬರು. 1933ರಲ್ಲಿ ಜಪಾನಿನ ಉತ್ತರಕ್ಕಿರುವ ಅಕಿತಾ ಪ್ರಾಂತ್ಯದ ರೈತರ ಮನೆಯಲ್ಲಿ ಹುಟ್ಟಿದವರು. ಹಿಮ ಜಾಸ್ತಿ ಬೀಳುವ, ಭತ್ತ ಬೆಳೆಯುವ ಊರು. ಅಜ್ಜನಿಗೆ ಔಷಧ, ಅಣಬೆ ಅಂದರೆ ಆಸಕ್ತಿ, ಅದು ಮೊಮ್ಮಗನಿಗೂ ಅಂಟಿತು. ಆ ಕಡೆ ನೊಣ ಕೊಲ್ಲುವ ಅಣಬೆ ಒಂದಿದೆ. ನೊಣ ಸಾಯುತ್ತೆ, ಜನಕ್ಕೆ ಏನೂ ಆಗಲ್ಲ. ಅದು ಹೇಗೆ ಅಂತ ಹೈಸ್ಕೂಲಿನಲ್ಲಿದ್ದಾಗಲೇ ಅಣಬೆ ಬೇಯಿಸಿ ಪ್ರಯೋಗ ಮಾಡಿದ ಹುಡುಗ ಇವರು. ನನಗೆ ಈ ವಿವರ ಬಹಳ ಇಷ್ಟ. ನಮ್ಮ ಮಲೆನಾಡಿನ ಮಕ್ಕಳೂ ಮೊದಲ ಗುಡುಗು-ಮಳೆಯ ಮರುದಿನ ಹುತ್ತದ ಹತ್ತಿರ ಅಣಬೆ ಹುಡುಕಿಕೊಂಡು ಹೋಗುತ್ತಾರಲ್ಲ, ಅದೇ ಕಣ್ಣು. ಅದಕ್ಕೆ "ಯಾಕೆ" ಅನ್ನೋ ಪ್ರಶ್ನೆ ಒಂದು ಸೇರಿಕೊಂಡಿದೆ ಅಷ್ಟೇ.

ಸೆಂಡೈಯ ತೊಹೊಕು ವಿಶ್ವವಿದ್ಯಾಲಯದಲ್ಲಿ ಓದುವಾಗ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರ ಬಗ್ಗೆ ಓದಿ ಎಂಡೋ ಮನಸ್ಸು ಆ ಕಡೆ ತಿರುಗಿತು. 1957ರಲ್ಲಿ ಸಾಂಕ್ಯೋ ಎಂಬ ಔಷಧ ಕಂಪನಿಗೆ ಸೇರಿದರು. ಅಲ್ಲಿ ಮೊದಲು ಮಾಡಿದ ಕೆಲಸ ಹಣ್ಣಿನ ರಸ ತಿಳಿಯಾಗಿಸುವ ಪೆಕ್ಟಿನೇಸ್ ಎಂಬ ಕಿಣ್ವಕ್ಕಾಗಿ (ಎನ್‌ಜೈಮ್) ಶಿಲೀಂಧ್ರಗಳನ್ನು ಜಾಲಾಡುವುದು. ದ್ರಾಕ್ಷಿಗೆ ಕೊಳೆರೋಗ ತರುವ ಒಂದು ಶಿಲೀಂಧ್ರದಲ್ಲಿ ಅದು ಸಿಕ್ಕಿತು, ಮಾರಾಟಕ್ಕೂ ಬಂತು. ನೂರಾರು ಶಿಲೀಂಧ್ರ ಬೆಳೆಸಿ ಒಂದೊಂದನ್ನೇ ಪರೀಕ್ಷಿಸುವ ಕೈಚಳಕ ಬಂದಿದ್ದು ಅಲ್ಲೇ.

1966ರಿಂದ ಎರಡು ವರ್ಷ ನ್ಯೂಯಾರ್ಕಿನಲ್ಲಿದ್ದರು. ದಪ್ಪ ಮಾಂಸದ ಊಟ, ವಯಸ್ಸಾದವರು, ಹೃದಯಾಘಾತ, ಮನೆ ಹತ್ತಿರ ಬರುತ್ತಲೇ ಇರುವ ಆಂಬುಲೆನ್ಸುಗಳು. ಕೊಲೆಸ್ಟರಾಲ್‌ಗೂ ಹೃದಯಾಘಾತಕ್ಕೂ ಇರುವ ಸಂಬಂಧ ಆಗ ಸಾಕಷ್ಟು ಗೊತ್ತಾಗಿತ್ತು. ನಮ್ಮ ದೇಹದ ಕೊಲೆಸ್ಟರಾಲ್‌ನಲ್ಲಿ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ದೇಹವೇ ಮಾಡಿಕೊಳ್ಳುವುದು. ಅದನ್ನು ಮಾಡುವ ದಾರಿಯಲ್ಲಿ ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ ಚೆಕ್‌ಪೋಸ್ಟ್ ಇದ್ದ ಹಾಗೆ. ಅಲ್ಲಿ ತಡೆದರೆ ಮುಂದಿನ ಕೆಲಸವೆಲ್ಲ ನಿಧಾನವಾಗುತ್ತೆ.

ಇಲ್ಲಿ ಎಂಡೋ ಮಾಡಿದ ಊಹೆ ನೋಡಿ. ಬೂಷ್ಟು ಓಡಿ ತಪ್ಪಿಸಿಕೊಳ್ಳಲಾರದು. ತನ್ನ ಅಕ್ಕಿ, ತನ್ನ ಎಲೆ, ತನ್ನ ಮರದ ತುಂಡು ಬೇರೆಯವರ ಪಾಲಾಗದ ಹಾಗೆ ಕಾಯಬೇಕೆಂದರೆ ಅದಕ್ಕಿರುವ ಆಯುಧ ರಾಸಾಯನಿಕ ಒಂದೇ. ಅದರ ಎದುರಾಳಿಗಳಲ್ಲಿ ಕೆಲವಕ್ಕೆ ಬದುಕಲು ಕೊಲೆಸ್ಟರಾಲ್ ಥರದ ಸ್ಟೆರಾಲ್‌ಗಳು ಬೇಕೇ ಬೇಕು. ಹಾಗಾದರೆ ಯಾವುದೋ ಒಂದು ಬೂಷ್ಟು ಆ ಸ್ಟೆರಾಲ್ ಮಾಡುವ ಕಿಣ್ವವನ್ನೇ ಕಟ್ಟಿಹಾಕುವ ವಸ್ತು ತಯಾರಿಸಿಕೊಂಡಿರಬಹುದಲ್ವಾ? ಅದು ಸಿಕ್ಕರೆ ಮನುಷ್ಯನ ಲಿವರ್‌ನಲ್ಲೂ ಅದೇ ಕೆಲಸ ಮಾಡೀತು. ಇಷ್ಟೇ. ಇದು ಬರೀ ಊಹೆ, ಕೈಯಲ್ಲಿ ಪುರಾವೆ ಒಂದೂ ಇಲ್ಲ. ಇದನ್ನು ನಂಬಿಕೊಂಡು 1971ರಲ್ಲಿ ಮಸಾವೊ ಕುರೋಡಾ ಎಂಬ ಸಹೋದ್ಯೋಗಿ ಜೊತೆ ಶುರು ಮಾಡಿದರು.

ಕೆಲಸ ಹೇಗಿತ್ತು ಅಂದರೆ, ಒಂದೊಂದು ಶಿಲೀಂಧ್ರವನ್ನೂ ಬಾಟಲಿಯಲ್ಲಿ ಬೆಳೆಸಬೇಕು, ಅದು ಬೆಳೆದ ರಸವನ್ನು ಸೋಸಬೇಕು, ಇಲಿಯ ಲಿವರ್‌ನಿಂದ ತೆಗೆದ ಕಿಣ್ವದ ದ್ರವಕ್ಕೆ ಸ್ವಲ್ಪ ಹಾಕಬೇಕು, ಸ್ಟೆರಾಲ್ ತಯಾರಾಗುವುದು ಕಡಿಮೆ ಆಯಿತೇ ಅಂತ ಅಳೆಯಬೇಕು. ಆಗಲಿಲ್ಲವೆಂದರೆ ಚೆಲ್ಲಿ ಮುಂದಿನದು. ಎರಡು ವರ್ಷದಲ್ಲಿ 6000ಕ್ಕೂ ಹೆಚ್ಚು. ದಿನಕ್ಕೆ ಎಷ್ಟಾಯಿತು ಅಂತ ನೀವೇ ಲೆಕ್ಕ ಹಾಕಿ.

1972ರಲ್ಲಿ ಒಂದು ಸಿಕ್ಕಿತು. ಕಿಣ್ವವನ್ನು ಚೆನ್ನಾಗಿಯೇ ತಡೆಯುತ್ತಿತ್ತು, ಇಲಿಗಳ ಕೊಲೆಸ್ಟರಾಲ್ ಕೂಡ ಇಳಿಯಿತು. ಆದರೆ ಅದು ಸಿಟ್ರಿನಿನ್, ಕಿಡ್ನಿ ಹಾಳುಮಾಡುವ ವಿಷ. ಕೈಬಿಟ್ಟರು. ಈ ಸಿಟ್ರಿನಿನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಅದಾದ ಮೇಲೆ ಕ್ಯೋಟೋದ ಒಂದು ಧಾನ್ಯದ ಅಂಗಡಿಯ ಅಕ್ಕಿಯಲ್ಲಿ ಸಿಕ್ಕಿದ್ದ ಪೆನಿಸಿಲಿಯಂ ಸಿಟ್ರಿನಂ. ಅಕ್ಕಿ ಡಬ್ಬಿಯಲ್ಲಿ ತೇವ ಸೇರಿಕೊಂಡರೆ ನಮ್ಮ ಮನೆಗಳಲ್ಲೂ ಕಾಣುವಂಥ ಬಣ್ಣದ ಬೂಷ್ಟು. 1973ರಲ್ಲಿ ಅದರಿಂದ ಬೇರ್ಪಡಿಸಿದ ವಸ್ತುವಿಗೆ ಎಂಎಲ್-236ಬಿ ಅಂತ ನಂಬರ್ ಕೊಟ್ಟರು. ಆಮೇಲೆ ಕಾಂಪ್ಯಾಕ್ಟಿನ್ ಅಂತ ಹೆಸರಾಯಿತು. ಪ್ರಪಂಚದ ಮೊದಲ ಸ್ಟಾಟಿನ್ ಅದು. ಅದೇ ವಸ್ತು ಇಂಗ್ಲೆಂಡಿನಲ್ಲಿ ಬೇರೊಂದು ಪೆನಿಸಿಲಿಯಂನಲ್ಲೂ ಸಿಕ್ಕಿತು. ಅವರು ಅದನ್ನು ಶಿಲೀಂಧ್ರ ಕೊಲ್ಲುವ ವಸ್ತು ಅಂತ ನೋಡಿದರು, ಕೊಲೆಸ್ಟರಾಲ್ ಕಡೆ ಗಮನ ಹೋಗಲಿಲ್ಲ. ಏನನ್ನು ಹುಡುಕುತ್ತಿದ್ದೇವೆ ಅನ್ನೋದು ಇಷ್ಟು ವ್ಯತ್ಯಾಸ ಮಾಡುತ್ತೆ.

ಇನ್ನು ಇಲಿಗೆ ಕೊಟ್ಟು ನೋಡುವುದಷ್ಟೇ ಬಾಕಿ ಅಂದುಕೊಂಡರು. ಕೊಟ್ಟರು. ಏನೂ ಆಗಲಿಲ್ಲ. ವಾರಗಟ್ಟಲೆ ತಿನ್ನಿಸಿದರೂ ಇಲಿಗಳ ಕೊಲೆಸ್ಟರಾಲ್ ಜಗ್ಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು: ಕಿಣ್ವವನ್ನು ತಡೆದ ಕೂಡಲೇ ಇಲಿಯ ಲಿವರ್ ಅದೇ ಕಿಣ್ವವನ್ನು ಹಲವು ಪಟ್ಟು ಜಾಸ್ತಿ ಮಾಡಿಕೊಂಡುಬಿಡುತ್ತೆ. ಅದೂ ಅಲ್ಲದೆ ಇಲಿಯ ರಕ್ತದಲ್ಲಿ ನಾವು ಕೆಟ್ಟದ್ದು ಅನ್ನುವ ಎಲ್‌ಡಿಎಲ್ ಕೊಲೆಸ್ಟರಾಲ್ ಇರುವುದೇ ಕಡಿಮೆ. ಆದರೆ ಆವತ್ತಿಗೆ ಕಣ್ಣ ಮುಂದಿದ್ದ ಫಲಿತಾಂಶ ಒಂದೇ, ಔಷಧ ಕೆಲಸ ಮಾಡಲ್ಲ. ಎಷ್ಟೋ ಒಳ್ಳೆಯ ವಸ್ತುಗಳ ಕಥೆ ಇಲ್ಲಿಗೇ ಮುಗಿದಿರಬಹುದು ಅನ್ನಿಸಿ ನನಗೆ ಈಗಲೂ ಸಂಕಟವಾಗುತ್ತೆ.

ಎಂಡೋ ಬಿಡಲಿಲ್ಲ. 1976ರಲ್ಲಿ ಒಂದು ಸಂಜೆ ಲ್ಯಾಬಿನ ಹತ್ತಿರದ ಬಾರ್‌ನಲ್ಲಿ ಅವರಿಗೆ ಕಿಟಾನೊ ಎಂಬ ಸಹೋದ್ಯೋಗಿ ಸಿಕ್ಕರು. ಅವರು ಬೇರೆ ಪ್ರಯೋಗಕ್ಕೆ ಮೊಟ್ಟೆ ಕೋಳಿ ಸಾಕಿಕೊಂಡಿದ್ದರು, ಪ್ರಯೋಗ ಮುಗಿಯುತ್ತಾ ಬಂದಿತ್ತು. ಮೊಟ್ಟೆಯಲ್ಲಿ ಅಷ್ಟು ಕೊಲೆಸ್ಟರಾಲ್ ಇರುತ್ತಲ್ಲ, ಹಾಗಾದರೆ ಮೊಟ್ಟೆ ಇಡುವ ಕೋಳಿಯ ರಕ್ತದಲ್ಲೂ ಇರಲೇಬೇಕು ಅಂತ ಎಂಡೋಗೆ ಹೊಳೆಯಿತು. ಆ ಕೋಳಿಗಳನ್ನೇ ಕೇಳಿದರು. ಮೇವಿನಲ್ಲಿ ಕಾಂಪ್ಯಾಕ್ಟಿನ್ ಬೆರೆಸಿ ಒಂದು ತಿಂಗಳು ತಿನ್ನಿಸಿದರು. ಕೊಲೆಸ್ಟರಾಲ್ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು, ಮೊಟ್ಟೆ ಇಡುವುದೂ ನಿಲ್ಲಲಿಲ್ಲ. ಆಮೇಲೆ ನಾಯಿ, ಆಮೇಲೆ ಕೋತಿ. ಎರಡರಲ್ಲೂ ಕೆಲಸ ಮಾಡಿತು.

ಈ ಕೋಳಿಗಳ ಭಾಗ ಹೇಳುವಾಗ ಚಿಕ್ಕಪ್ಪ ಊಟದ ಕೈ ಒಣಗಿಸಿಕೊಂಡು ಕೂತಿದ್ದರು. "ಇಲಿಗೆ ಆಗದ್ದು ಕೋಳಿಗೆ ಆಯ್ತಾ!" ಅಂದರು. ಅವರು ಆ ರಾತ್ರಿ ಕಿವಿಗೊಟ್ಟಿದ್ದು ಅಲ್ಲಿಂದ.

1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಮೊದಲ ಸಲ ರೋಗಿಗೆ ಕೊಟ್ಟರು. ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತ ಇರುವ ಕಾಯಿಲೆಯ ಹುಡುಗಿ. ಕೊಲೆಸ್ಟರಾಲ್ ಇಳಿಯಿತು, ಆದರೆ ಸ್ನಾಯುಗಳಲ್ಲಿ ಶಕ್ತಿ ಹೋಯಿತು. ಪ್ರಮಾಣ ಕಡಿಮೆ ಮಾಡಿದರು. ಆಮೇಲೆ ಇನ್ನಷ್ಟು ರೋಗಿಗಳಿಗೆ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಅಂಥ ತೊಂದರೆ ಇಲ್ಲದೆ ಸುಮಾರು ಕಾಲು ಭಾಗ ಇಳಿಯಿತು. ವಸ್ತು ಅದೇ. ಎಷ್ಟು ಮಿಲಿಗ್ರಾಂ ಅನ್ನೋದರ ಮೇಲೆ ಅದು ಔಷಧವೂ ಹೌದು, ತೊಂದರೆಯೂ ಹೌದು. ಚಮಚದಲ್ಲಿ ಅಳೆಯುವ ಪುಡಿ ನೋಡಿದಾಗ ನನಗೆ ಮೊದಲು ನೆನಪಾಗುವುದು ಆ ಹುಡುಗಿ.

ಮುಂದಿನದು ಬೇಗ ಹೇಳುತ್ತೇನೆ. ಕಾಂಪ್ಯಾಕ್ಟಿನ್ ಮಾರುಕಟ್ಟೆಗೆ ಬರಲೇ ಇಲ್ಲ, ನಾಯಿಗಳಿಗೆ ತುಂಬಾ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ತೊಂದರೆ ಕಂಡಿತೆಂದು 1980ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿಗೆ ಆಸ್ಪರ್ಜಿಲಸ್ ಟೆರಿಯಸ್ ಎಂಬ ಮಣ್ಣಿನ ಶಿಲೀಂಧ್ರದಲ್ಲಿ ಅದರ ಒಡಹುಟ್ಟಿದಂಥ ವಸ್ತು ಸಿಕ್ಕಿತ್ತು. ಎಂಡೋಗೂ ಅದೇ ವಸ್ತು ಮೊನಾಸ್ಕಸ್ ಎಂಬ ಕೆಂಪು ಬೂಷ್ಟಿನಲ್ಲಿ ಸಿಕ್ಕಿತು. ಅದೇ ಲೋವಾಸ್ಟಾಟಿನ್. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್. ಲೋವಾಸ್ಟಾಟಿನ್‌ಗೆ ಸಣ್ಣ ಬದಲಾವಣೆ ಮಾಡಿದರೆ ಸಿಮ್ವಾಸ್ಟಾಟಿನ್. ಅದನ್ನು ಸ್ಕ್ಯಾಂಡಿನೇವಿಯಾದ 4444 ಹೃದ್ರೋಗಿಗಳ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಕೊಟ್ಟರು: ಮಾತ್ರೆ ತಗೊಂಡವರಲ್ಲಿ ಸಾವು ಶೇ 30ರಷ್ಟು ಕಡಿಮೆ. ಚಿಕ್ಕಪ್ಪನಂಥ ಹೃದ್ರೋಗಿಗಳೇ ಅವರೆಲ್ಲ. ಅದಕ್ಕೇ ನಾನು ಅಷ್ಟು ಹಟ ಹಿಡಿದಿದ್ದು.

ಚಿಕ್ಕಪ್ಪನ ಸ್ಟ್ರಿಪ್ ಅಟೋರ್ವಾಸ್ಟಾಟಿನ್. ಅದನ್ನು ಬೂಷ್ಟಿನಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲೇ ಕೂಡಿಸುತ್ತಾರೆ. ಆದರೆ ಕೀಲಿಕೈ ಅಂದುಕೊಳ್ಳಿ. ಬೀಗದೊಳಗೆ ಹೋಗುವ ಹಲ್ಲಿನ ಭಾಗ ಆ ಕ್ಯೋಟೋ ಬೂಷ್ಟಿನ ವಸ್ತುವಿನದೇ ಮಾದರಿ, ಕೈಯಲ್ಲಿ ಹಿಡಿಯುವ ಭಾಗ ಮಾತ್ರ ಬೇರೆ.

ಇದರಲ್ಲಿ ಬೆಂಗಳೂರಿನದ್ದೂ ಒಂದು ಪಾಲಿದೆ. 1978ರಲ್ಲಿ ಕಿರಣ್ ಮಜುಂದಾರ್ ಷಾ ಬಯೋಕಾನ್ ಶುರು ಮಾಡಿದಾಗ ಅದು ಕಿಣ್ವದ ಕಂಪನಿ. ಪರಂಗಿ ಹಾಲಿನಿಂದ ಪಪಾಯಿನ್ ತೆಗೆಯುವಂಥ ಕೆಲಸ. ಕಿಣ್ವಕ್ಕಾಗಿ ಶಿಲೀಂಧ್ರ ಬೆಳೆಸುವ ವಿದ್ಯೆ ಕೈಗೆ ಬಂದಮೇಲೆ ಅದೇ ವಿದ್ಯೆಯನ್ನು ಔಷಧಕ್ಕೆ ತಿರುಗಿಸಿದರು. 2001ರಲ್ಲಿ ಅವರ ಲೋವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಎಂಡೋ ಕೂಡ ಪೆಕ್ಟಿನೇಸ್‌ನಿಂದ ಸ್ಟಾಟಿನ್‌ಗೆ ಬಂದವರಲ್ವಾ, ದಾರಿ ಒಂದೇ ಥರ ಇದೆ. ಪಾಠ ಮಾಡುವಾಗ ಇದನ್ನು ತಪ್ಪದೆ ಹೇಳುತ್ತೇನೆ. ಮಕ್ಕಳ ಮುಖ ಅರಳುವುದು ನೋಡಬೇಕು.

ಈಗ ಚಿಕ್ಕಪ್ಪನ ಡಬ್ಬಿಗೆ ಬರೋಣ. ಅದು ಚಿಪ್ಪಣಬೆ, ಅಂದರೆ ಆಯ್‌ಸ್ಟರ್ ಅಣಬೆಯ ಪುಡಿ. ಚಿಪ್ಪಣಬೆಯಲ್ಲಿ ಲೋವಾಸ್ಟಾಟಿನ್ ಇದೆ ಅಂತ 1995ರಲ್ಲಿ ಸ್ಲೊವೇನಿಯಾದ ಸಂಶೋಧಕರು ಬರೆದಿದ್ದು ನಿಜ. ಪುಡಿ ಮಾರುವವರು ಹಿಡಿದುಕೊಂಡಿರುವುದು ಅದನ್ನೇ. ಆದರೆ ಎಷ್ಟಿದೆ? ಅದು ತಳಿಯ ಮೇಲೆ, ಯಾವ ಹುಲ್ಲಿನ ಮೇಲೆ ಬೆಳೆಸಿದರು ಅನ್ನೋದರ ಮೇಲೆ, ಮೊಗ್ಗಿನಲ್ಲೇ ಕಿತ್ತರೋ ಅರಳಿದ ಮೇಲೋ ಅನ್ನೋದರ ಮೇಲೆ ಹೋಗುತ್ತೆ. ಕೆಲವು ತಳಿಯಲ್ಲಿ ಏನೂ ಇರಲ್ಲ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಬರೆದಿರಲಿಲ್ಲ. ತುಂಬಾ ಕಡಿಮೆ ಇದ್ದರೆ ಚಿಕ್ಕಪ್ಪನ ಸ್ಟೆಂಟಿಗೆ ಕಾವಲೇ ಇಲ್ಲ. ಜಾಸ್ತಿ ಇದ್ದು, ಮಾತ್ರೆಯನ್ನೂ ತಗೊಂಡರೆ, ಒಂದೇ ಔಷಧ ಎರಡು ಸಲ ನುಂಗಿದ ಹಾಗೆ.

ಕೆಂಪು ಅಕ್ಕಿ ಬೂಷ್ಟಿನ ಕ್ಯಾಪ್ಸೂಲ್‌ಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ಅದು ಮೊನಾಸ್ಕಸ್. ಅದರಲ್ಲಿರುವ ಮೊನಾಕೊಲಿನ್ ಕೆ ಅನ್ನೋದು ಲೋವಾಸ್ಟಾಟಿನ್ನೇ, ಹೆಸರು ಮಾತ್ರ ಬೇರೆ. ಮೊನಾಸ್ಕಸ್‌ನ ಕೆಲವು ತಳಿಗಳು ಇನ್ನೊಂದನ್ನೂ ಮಾಡುತ್ತವೆ: ಸಿಟ್ರಿನಿನ್. ಎಂಡೋ 1972ರಲ್ಲಿ ಕಿಡ್ನಿಗೆ ವಿಷ ಅಂತ ಬದಿಗಿಟ್ಟ ಅದೇ ಸಿಟ್ರಿನಿನ್. ಮಾತ್ರೆಯಲ್ಲಿ ಅದು ಇರಲ್ಲ, ಯಾಕೆಂದರೆ ಮಾತ್ರೆಯಲ್ಲಿರುವುದು ಶುದ್ಧ ಮಾಡಿದ ಒಂದೇ ವಸ್ತು. ಬೂಷ್ಟನ್ನೇ ಇಡಿಯಾಗಿ ನುಂಗಿದರೆ ಅದು ಮಾಡಿಟ್ಟಿದ್ದೆಲ್ಲ ಹೊಟ್ಟೆಗೆ ಹೋಗುತ್ತೆ.

ಚಿಪ್ಪಣಬೆ ತಿನ್ನಬೇಡಿ ಅಂತಲ್ಲ ನಾನು ಹೇಳುತ್ತಿರುವುದು. ವಾರಕ್ಕೆರಡು ಸಲ ಪಲ್ಯ ಮಾಡಿಕೊಂಡು ತಿನ್ನಿ, ಒಳ್ಳೆಯ ಆಹಾರ. ಮಾತ್ರೆಯ ಜಾಗಕ್ಕೆ ಅದನ್ನು ತಂದು ಕೂರಿಸಬೇಡಿ.

"ಅಣಬೆಯ ಸತ್ವ ಕ್ಯಾನ್ಸರ್ ಕೋಶ ಕೊಂದಿತು" ಅನ್ನೋ ಸುದ್ದಿಯೂ ಆಗಾಗ ಓಡಾಡುತ್ತಿರುತ್ತೆ. ಗಾಜಿನ ತಟ್ಟೆಯಲ್ಲಿರುವ ಕೋಶದ ಮೇಲೆ ಉಪ್ಪು ನೀರು ಜಾಸ್ತಿ ಸುರಿದರೂ ಅವು ಸಾಯುತ್ತವೆ. ಜಪಾನಿನಲ್ಲಿ ಶೀಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ವಸ್ತುವನ್ನು ಹೊಟ್ಟೆಯ ಕ್ಯಾನ್ಸರಿಗೆ ನಿಜಕ್ಕೂ ಬಳಸಿದ್ದಾರೆ. ಆದರೆ ಶುದ್ಧ ಮಾಡಿ, ಇಂಜೆಕ್ಷನ್ ಆಗಿ, ಕೀಮೋ ಜೊತೆಗೆ. ಕೀಮೋ ಬಿಟ್ಟು ಅಣಬೆ ಸೂಪ್ ಕುಡಿಯಿರಿ ಅಂತ ಅಲ್ಲಿ ಯಾರೂ ಹೇಳಿಲ್ಲ.

ಇದರಲ್ಲಿ ನಾನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ನನ್ನ ಎಂಎಸ್ಸಿ ಪ್ರಾಜೆಕ್ಟ್. ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಅಡಿಕೆ ಹಾಳೆಯ ಮೇಲೆ ಎದ್ದ ಸಣ್ಣ ಬಿಳಿ ಅಣಬೆಯನ್ನು ಲ್ಯಾಬಿಗೆ ಒಯ್ದಿದ್ದೆ. ಆಲೂಗಡ್ಡೆ ಸತ್ವದ ಅಗರ್ ತಟ್ಟೆಯಲ್ಲಿ ಹತ್ತು ದಿನಕ್ಕೆ ಹತ್ತಿ ಹರಡಿದ ಹಾಗೆ ಬೆಳೆಯಿತು. ಆಮೇಲೆ ದ್ರವದಲ್ಲಿ ಬೆಳೆಸಿ, ಸೋಸಿ, ಈಥೈಲ್ ಅಸಿಟೇಟ್ ಎಂಬ ದ್ರಾವಕ ಹಾಕಿ ಕುಲುಕಿ, ಮೇಲಿನ ಪದರ ತೆಗೆದು ಆವಿ ಮಾಡಿದರೆ ಫ್ಲಾಸ್ಕಿನ ತಳದಲ್ಲಿ ಉಳಿದಿದ್ದು ಬೆಲ್ಲದ ಪಾಕ ಸೀದು ಅಂಟಿದಂಥ ಕಂದು ಜಿಗಟು. ಅದನ್ನು ಮೆಥನಾಲ್ ಎಂಬ ಇನ್ನೊಂದು ದ್ರಾವಕದಲ್ಲಿ ಕರಗಿಸಿ, ಆರು ಮಿಲಿಮೀಟರಿನ ಕಾಗದದ ಬಿಲ್ಲೆಗೆ ಹೀರಿಸಿ, ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲಿಟ್ಟೆ. ಮರುದಿನ ಬೆಳಗ್ಗೆ ಇನ್‌ಕ್ಯುಬೇಟರ್ ತೆರೆದರೆ ಬಿಲ್ಲೆಯ ಸುತ್ತ ಗುಂಡಗೆ ತಿಳಿಯಾದ ಉಂಗುರ! ಮಬ್ಬು ಗಾಜಿನ ಮೇಲೆ ಯಾರೋ ಬೆರಳಿನಿಂದ ಒರೆಸಿದ ಹಾಗೆ. ಸ್ಕೇಲ್ ಇಟ್ಟು ಅಳೆದೆ, ಹದಿನಾಲ್ಕು ಮಿಲಿಮೀಟರ್. ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ ಖುಷಿಗೆ, ಅಮ್ಮನಿಗೆ ಫೋನ್ ಮಾಡಿ ನಮ್ಮ ತೋಟದ ಅಣಬೆಯಲ್ಲಿ ಆಂಟಿಬಯಾಟಿಕ್ ಇದೆ ಅಂದುಬಿಟ್ಟಿದ್ದೆ.

ಗೈಡ್ ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ಒಂದೇ ಮಾತು ಕೇಳಿದರು. "ಬರೀ ಮೆಥನಾಲ್ ಬಿಲ್ಲೆ ಎಲ್ಲಿ?"

ಇಟ್ಟಿರಲಿಲ್ಲ. ಮತ್ತೆ ಮಾಡಿದೆ, ಈ ಸಲ ಪಕ್ಕದಲ್ಲಿ ಅಣಬೆ ಸತ್ವವಿಲ್ಲದ ಬರೀ ಮೆಥನಾಲ್ ಬಿಲ್ಲೆ. ಅದರ ಸುತ್ತಲೂ ಉಂಗುರ ಬಂತು, ಹೆಚ್ಚುಕಡಿಮೆ ಅಷ್ಟೇ ಅಗಲ. ಬಿಲ್ಲೆ ಸರಿಯಾಗಿ ಒಣಗುವ ಮೊದಲೇ ಇಟ್ಟಿದ್ದೆ, ಬ್ಯಾಕ್ಟೀರಿಯಾ ಸತ್ತಿದ್ದು ಮೆಥನಾಲ್‌ಗೆ. ಪೂರ್ತಿ ಒಣಗಿಸಿ ಇಟ್ಟ ಮೂರನೇ ಸಲ ಎರಡೂ ಬಿಲ್ಲೆಗಳ ಸುತ್ತ ಏನೂ ಇರಲಿಲ್ಲ. ನಾಲ್ಕು ತಿಂಗಳ ಕೆಲಸ. ತುಂಬಾ ಅತ್ತೆ. ಆದರೆ ಆ ಖಾಲಿ ಬಿಲ್ಲೆ ಕಲಿಸಿದ್ದನ್ನು ಬೇರೆ ಯಾವುದೂ ನನಗೆ ಕಲಿಸಿಲ್ಲ. ಈಗ ಯಾರಾದರೂ ಅಣಬೆ ಸತ್ವದ ಬಗ್ಗೆ ಏನೇ ಹೇಳಲಿ, ನನ್ನ ಮೊದಲ ಪ್ರಶ್ನೆ ಅದೇ: ಬರೀ ಮೆಥನಾಲ್ ಬಿಲ್ಲೆ ಎಲ್ಲಿ?

ಉಂಗುರ ನಿಜವಾಗಿಯೇ ಬಂದರೂ ಅದು ಆರಂಭ ಅಷ್ಟೇ. ಆ ಕಂದು ಜಿಗಟಿನಲ್ಲಿ ನೂರಾರು ವಸ್ತುಗಳಿರುತ್ತವೆ. ಸಾರು ಖಾರವಾಗಿದೆ, ಖಾರ ಬಂದಿದ್ದು ಮೆಣಸಿನಕಾಯಿಂದಲೋ ಕಾಳುಮೆಣಸಿನಿಂದಲೋ ಶುಂಠಿಯಿಂದಲೋ ಅಂತ ಸಾರನ್ನೇ ಭಾಗ ಮಾಡಿ ಮಾಡಿ ರುಚಿ ನೋಡಿದ ಹಾಗೆ ಅದು. ಭಾಗ ಮಾಡು, ಪರೀಕ್ಷಿಸು, ಕೆಲಸ ಮಾಡಿದ ಭಾಗವನ್ನು ಮತ್ತೆ ಭಾಗ ಮಾಡು. ಕೊನೆಗೆ ಒಂದು ಶುದ್ಧ ವಸ್ತು ಕೈಗೆ ಬಂದಾಗ ಅದು ಐವತ್ತು ವರ್ಷದ ಹಿಂದೆಯೇ ಯಾರೋ ಕಂಡುಹಿಡಿದದ್ದು ಅಂತ ಗೊತ್ತಾಗುವುದೂ ಉಂಟು.

ಹೊಸದೇ ಸಿಕ್ಕಿದರೂ ಕಾಯಬೇಕು. 1951ರಲ್ಲಿ ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್ನಿನ ಕವನಾ, ಹರ್ವಿ, ರಾಬಿನ್ಸ್ ಎಂಬ ಮೂವರು ಒಂದು ಅಣಬೆಯಿಂದ ಪ್ಲೂರೋಮ್ಯುಟಿಲಿನ್ ಎಂಬ ಆಂಟಿಬಯಾಟಿಕ್ ಪ್ರಕಟಿಸಿದರು. ಇದು ಬೂಷ್ಟಲ್ಲ, ಟೋಪಿ ಇರುವ ನಿಜವಾದ ಅಣಬೆ. ಅದನ್ನು ಸ್ವಲ್ಪ ಬದಲಿಸಿ ಮೊದಲು ಹಂದಿ-ಕೋಳಿಗಳಿಗೆ ಬಳಸಿದರು. ಮನುಷ್ಯರ ಚರ್ಮಕ್ಕೆ ಹಚ್ಚುವ ಮುಲಾಮು ಬಂದಿದ್ದು 2007ರಲ್ಲಿ. ನ್ಯುಮೋನಿಯಾಗೆ ನುಂಗುವ, ರಕ್ತನಾಳಕ್ಕೆ ಕೊಡುವ ಲೆಫಾಮ್ಯುಲಿನ್ ಒಪ್ಪಿಗೆ ಪಡೆದಿದ್ದು 2019ರಲ್ಲಿ. ಅರವತ್ತೆಂಟು ವರ್ಷ. ಹಳೆಯ ಆಂಟಿಬಯಾಟಿಕ್‌ಗಳಿಗೆ ಬ್ಯಾಕ್ಟೀರಿಯಾ ಬಗ್ಗದೆ ಹೋದಾಗ ಜನ ಕಪಾಟಿನಲ್ಲಿದ್ದ ಈ ಹಳೆಯ ವಸ್ತುವಿನ ಕಡೆ ಮತ್ತೆ ನೋಡಿದರು. ಹೆಸರು, ರಚನೆ, ಎಲ್ಲಿ ಸಿಕ್ಕಿತು ಅನ್ನೋದನ್ನೆಲ್ಲ ಸರಿಯಾಗಿ ಬರೆದಿಟ್ಟಿದ್ದರಿಂದ ಅದು ಸಿಕ್ಕಿತು. ಅದಕ್ಕೇ ನಾನು ಮಕ್ಕಳ ರೆಕಾರ್ಡ್ ಪುಸ್ತಕ ನೋಡುವಾಗ ಅಷ್ಟು ಕಾಡುವುದು.

ರೈತರಿಗೆ ಒಂದು ವಿಷಯ ಹೇಳಲೇಬೇಕು. ದ್ರಾಕ್ಷಿ, ಮೆಣಸಿನಕಾಯಿ, ಟೊಮ್ಯಾಟೊಗೆ ಅಜಾಕ್ಸಿಸ್ಟ್ರೋಬಿನ್ ಎಂಬ ಶಿಲೀಂಧ್ರನಾಶಕ ಹೊಡೆಯುತ್ತೀರಲ್ಲ, ಅದರ ಮೂಲವೂ ಅಣಬೆ. ಯುರೋಪಿನಲ್ಲಿ ಬಿದ್ದ ಪೈನ್ ಕಾಯಿಗಳ ಮೇಲೆ ವಸಂತದಲ್ಲಿ ಏಳುವ ಬೆರಳುದ್ದದ ಅಣಬೆ, ಸ್ಟ್ರೋಬಿಲ್ಯೂರಸ್. ತಾನು ಕೂತ ಕಾಯಿಗೆ ಬೇರೆ ಬೂಷ್ಟು ಬರದ ಹಾಗೆ ಅದು ಮಾಡಿಕೊಂಡ ವಸ್ತುವನ್ನು 1977ರಲ್ಲಿ ಜರ್ಮನಿಯ ಆಂಕೆ ಮತ್ತು ಸ್ಟೆಗ್ಲಿಷ್ ಬೇರ್ಪಡಿಸಿದರು. ಬೇರೆ ಶಿಲೀಂಧ್ರದ ಉಸಿರಾಟವನ್ನೇ ಅದು ಕಟ್ಟುತ್ತೆ. ಆ ಅಣಬೆಗೆ ಮಾತ್ರ ಏನೂ ಆಗಲ್ಲ, ಯಾಕೆಂದರೆ ಅದರ ದೇಹದಲ್ಲಿ ಆ ವಸ್ತು ಹೋಗಿ ಅಂಟುವ ಜಾಗವೇ ಸ್ವಲ್ಪ ಬೇರೆ ಥರ ಇದೆ. ಮೂಲ ವಸ್ತು ಬಿಸಿಲಿಗೆ ಬೇಗ ಒಡೆದುಹೋಗುತ್ತಿತ್ತು, ಗದ್ದೆಗೆ ಪ್ರಯೋಜನವಿಲ್ಲ. ಬಿಸಿಲು ತಡೆಯುವ ಹಾಗೆ ತಿದ್ದಿ 1996ರಲ್ಲಿ ಮಾರುಕಟ್ಟೆಗೆ ತಂದರು. ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದರೆ ರೋಗದ ಶಿಲೀಂಧ್ರವೂ ಆ ಜಾಗವನ್ನು ಬದಲಿಸಿಕೊಂಡುಬಿಡುತ್ತೆ, ಅದಕ್ಕೇ ಅದಲುಬದಲು ಮಾಡಿ ಹೊಡೆಯಿರಿ ಅನ್ನೋದು.

ಕಾಡಿನ ಅಣಬೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಮಾನಿಟಾ ಜಾತಿಯ ಕೆಲವು ಅಣಬೆಗಳಲ್ಲಿರುವ ಅಮಾನಿಟಿನ್ ಕೂಡ ಸಂಶೋಧಕರು ಹೇಳುವ "ಜೈವಿಕವಾಗಿ ಕೆಲಸ ಮಾಡುವ ವಸ್ತು"ವೇ. ಅದು ಕೆಲಸ ಮಾಡುವುದು ನಮ್ಮ ಲಿವರ್ ಮೇಲೆ, ಕೋಶಗಳು ಪ್ರೋಟೀನು ಮಾಡಲು ಬೇಕಾದ ನಕಲು ತೆಗೆಯುವುದನ್ನೇ ನಿಲ್ಲಿಸಿಬಿಡುತ್ತೆ. ಬೇಯಿಸಿದರೂ ಹೋಗಲ್ಲ, ಒಣಗಿಸಿದರೂ ಹೋಗಲ್ಲ. ತಿಂದು ಆರೇಳು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಏನೂ ಅನ್ನಿಸಲ್ಲ. ವಾಂತಿ-ಭೇದಿಯಾಗಿ ನಿಂತ ಹಾಗೆ ಕಂಡು ಜನ ಸಮಾಧಾನಪಟ್ಟುಕೊಳ್ಳುತ್ತಾರೆ, ಒಳಗೆ ಲಿವರ್ ಹಾಳಾಗುತ್ತಿರುತ್ತೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಇಲ್ಲದಿದ್ದರೆ ಒಳ್ಳೆಯದು ಅನ್ನೋದು ಸುಳ್ಳು. ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನೋದೂ ಸುಳ್ಳು. ಹಿರಿಯರು ಹೆಸರು ಹಿಡಿದು ಗುರುತಿಸಿದ ಕಲ್ಲಣಬೆ, ಹುತ್ತದ ಅಣಬೆ ಬಿಟ್ಟು ಹೊಸದೇನನ್ನೂ ಬಾಯಿಗೆ ಹಾಕಬೇಡಿ. ಅನುಮಾನ ಬಂದರೆ ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡೇ ಆಸ್ಪತ್ರೆಗೆ ಓಡಿ.

ಎಂಡೋ 2024ರ ಜೂನ್‌ನಲ್ಲಿ ತೀರಿಕೊಂಡರು, ತೊಂಬತ್ತು ವರ್ಷವಾಗಿತ್ತು. ಆ ಸುದ್ದಿ ಓದಿದ ದಿನ ಕ್ಲಾಸಿನಲ್ಲಿ ಪಾಠ ಬಿಟ್ಟು ಅವರ ಕಥೆಯನ್ನೇ ಹೇಳಿದ್ದೆ.

ಚಿಕ್ಕಪ್ಪ ಮರುದಿನವೇ ಡಾಕ್ಟರಿಗೆ ಫೋನ್ ಮಾಡಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ಮಾತ್ರೆ ಮತ್ತೆ ಶುರುವಾಗಿದೆ, ರಕ್ತ ಪರೀಕ್ಷೆಗೆ ತಾರೀಖು ಗೊತ್ತಾಗಿದೆ. ಪುಡಿ ಡಬ್ಬಿ ಮೇಜಿನಿಂದ ಇಳಿದಿದೆ. ಮೊನ್ನೆ ಬೆಳಗ್ಗೆ ಅವರಿಂದ ಒಂದು ಫೋಟೋ ಬಂತು. ತೋಟದಲ್ಲಿ ಉರುಳಿದ ಹಲಸಿನ ದಿಮ್ಮಿಯ ಮೇಲೆ ಬೀಸಣಿಗೆ ಥರದ ಕಂದು ಅಣಬೆ ಸಾಲು. ಕೆಳಗೆ ಬರೆದಿದ್ದರು: "ಪುಟ್ಟಿ, ಇದರಲ್ಲಿ ಏನಿರಬಹುದು?"

ಕೂಡಲೇ ಫೋನ್ ಮಾಡಿದೆ. ಬುಡ ಸಮೇತ ಕೀಳಿ ಚಿಕ್ಕಪ್ಪ, ಚಾಕುವಿನಿಂದ ಕತ್ತರಿಸಬೇಡಿ. ಪ್ಲಾಸ್ಟಿಕ್ ಬೇಡ, ಹಳೆಯ ಪೇಪರಿನಲ್ಲಿ ಸುತ್ತಿ. ಹಲಸಿನ ದಿಮ್ಮಿ ಅಂತ ಅದರ ಮೇಲೇ ಬರೆಯಿರಿ, ತಾರೀಖೂ ಹಾಕಿ. ಒಂದನ್ನು ರಾತ್ರಿ ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲೆ ಕೆಳಮುಖವಾಗಿಟ್ಟು ಬಟ್ಟಲು ಮುಚ್ಚಿಡಿ, ಬೆಳಗ್ಗೆ ಯಾವ ಬಣ್ಣದ ಪುಡಿ ಉದುರಿದೆ ಅಂತ ಹೇಳಿ. ಭಾನುವಾರ ಬರುತ್ತೇನೆ.